‘ಕನ್ವೇ’ಗೆ ‘ವಿತರಣೆ’ ಎಂದರೆ ಸರಿಹೋಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಮುಕ್ತ ತಂತ್ರಾಂಶದ ಪರವಾನಗಿಗಳ ಬಗ್ಗೆ ಕನ್ನಡದಲ್ಲಿ ಕಿರು ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ‘ಕನ್ವೇ’ (convey) ಎಂಬ ಒಂದೇ ಒಂದು ಕ್ರಿಯಾಪದ ನಾಲ್ಕು ದಿನಗಳಿಂದ ದಾರಿಗೆ ಅಡ್ಡ ನಿಂತಿದೆ.

ಮೊದಲ ಕರಡಿನಲ್ಲಿ ಹೀಗೆ ಬರೆದಿದ್ದೆ: ‘ತಂತ್ರಾಂಶವನ್ನು ಮಾರ್ಪಡಿಸಿದವರು ಅದರ ಆಕರ ಸಂಕೇತವನ್ನು ಪ್ರಕಟಿಸಬೇಕು.’ (ಆಕರ ಸಂಕೇತ ಎಂದರೆ ಸೋರ್ಸ್ ಕೋಡ್, ತಂತ್ರಾಂಶವನ್ನು ಬರೆದ ಮೂಲ ಪಠ್ಯ.) ಓದಲು ಸಲೀಸು, ಆದರೆ ಎರಡು ಕಡೆ ತಪ್ಪು. ಜಿಪಿಎಲ್ (GPL) ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಪ್ರಕಾರ, ತಿದ್ದಿ ತನ್ನಲ್ಲೇ ಇಟ್ಟುಕೊಂಡು ಬಳಸುವವರು ಆಕರ ಸಂಕೇತವನ್ನು ಯಾರಿಗೂ ತೋರಿಸಬೇಕಿಲ್ಲ. ಪ್ರತಿ ಬೇರೆಯವರ ಕೈಸೇರಿದಾಗಲೇ ಆ ಮಾತು ಬರುವುದು. ಆಗಲೂ ಲೋಕಕ್ಕೆಲ್ಲ ಸಾರಬೇಕೆಂದಿಲ್ಲ. ಪ್ರತಿ ಪಡೆದವರಿಗೆ ಆಕರ ಸಂಕೇತವನ್ನೂ ಜೊತೆಗೇ ಕೊಟ್ಟುಬಿಟ್ಟರೆ ಸಾಕು. ಹಾಗಾಗಿ ‘ಪ್ರಕಟಿಸು’ ಹೋಯಿತು.

ಅದರ ಜಾಗಕ್ಕೆ ಏನು? ಜಿಪಿಎಲ್‌ನ 1991ರ ಎರಡನೆಯ ಆವೃತ್ತಿಯಲ್ಲಿದ್ದ ಪದ ‘ಡಿಸ್ಟ್ರಿಬ್ಯೂಟ್’. ಕೃತಿಸ್ವಾಮ್ಯದ ಕಾನೂನುಗಳಲ್ಲಿ ಆ ಪದದ ವ್ಯಾಪ್ತಿ ದೇಶದಿಂದ ದೇಶಕ್ಕೆ ಬದಲಾಗುವುದರಿಂದ, 2007ರ ಮೂರನೆಯ ಆವೃತ್ತಿ ‘ಪ್ರಾಪಗೇಟ್’, ‘ಕನ್ವೇ’ ಎಂಬ ಎರಡು ಪದಗಳಿಗೆ ತಾನೇ ವ್ಯಾಖ್ಯೆ ಕೊಟ್ಟುಕೊಂಡಿತು. ಪ್ರತಿ ಮಾಡುವುದು, ಹಂಚುವುದು ಮೊದಲಾದವೆಲ್ಲ ‘ಪ್ರಾಪಗೇಟ್’. ಅವುಗಳಲ್ಲಿ ಬೇರೆಯವರು ಪ್ರತಿ ಮಾಡಿಕೊಳ್ಳಲು ಇಲ್ಲವೇ ಪಡೆಯಲು ಅನುವು ಮಾಡಿಕೊಡುವುದು ‘ಕನ್ವೇ’. ಪ್ರತಿ ವರ್ಗಾವಣೆಯಾಗದೆ ಜಾಲದ ಮೂಲಕ ಬಳಕೆದಾರರೊಂದಿಗೆ ನಡೆಯುವ ಬರಿಯ ವ್ಯವಹಾರ ಇದರೊಳಗೆ ಬರುವುದಿಲ್ಲ.

‘ವಿತರಣೆ’ ಎಂದೊಡನೆ ನನ್ನ ಕಣ್ಣಿಗೆ ಕಟ್ಟುವುದು ಕರಪತ್ರ: ಕೊಡುವವನೊಬ್ಬ, ಪಡೆಯುವವರು ನೂರಾರು. ಇಲ್ಲಿ ಒಬ್ಬನೇ ಒಬ್ಬ ಗೆಳೆಯನಿಗೆ ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟರೂ ಷರತ್ತು ಅನ್ವಯಿಸುತ್ತದೆ. ‘ಹಸ್ತಾಂತರ’ ಚೆನ್ನಾಗಿ ಕೇಳುತ್ತದೆ. ಆದರೆ ಹಸ್ತಾಂತರಿಸಿದವನ ಕೈ ಖಾಲಿಯಾಗಬೇಕಲ್ಲ! ‘ರವಾನೆ’ಯಲ್ಲಿ ಕಳುಹಿಸುವವನ ಶ್ರಮ ಎದ್ದು ಕಾಣುತ್ತದೆ, ಜಾಲತಾಣದಲ್ಲಿಟ್ಟು ಸುಮ್ಮನಿರುವವನು ಅದರಿಂದ ನುಣುಚಿಕೊಳ್ಳುತ್ತಾನೆ. ಎಲ್ಲಕ್ಕಿಂತ ಅಪಾಯಕಾರಿ ‘ಒದಗಿಸು’. ತಿದ್ದಿದ ತಂತ್ರಾಂಶವನ್ನು ತನ್ನ ಸರ್ವರಿನಲ್ಲೇ ಓಡಿಸುವವನೂ ಸೇವೆ ‘ಒದಗಿಸು’ತ್ತಾನೆ. ಅವನನ್ನು ಹಿಡಿಯುವುದು, ಜಾಲದ ಮೂಲಕ ಬಳಸುವವರಿಗೂ ಆಕರ ಸಂಕೇತ ಸಿಗಬೇಕೆನ್ನುವ ಸೋದರ ಪರವಾನಗಿ ಎಜಿಪಿಎಲ್‌ನ (AGPL) 13ನೆಯ ಕಲಮು, ಜಿಪಿಎಲ್ ಅಲ್ಲ. ಒಂದು ಸಡಿಲ ಕ್ರಿಯಾಪದದಿಂದ ಎರಡು ಪರವಾನಗಿಗಳು ಒಂದಾಗಿಬಿಡುತ್ತವೆ.

ತಿದ್ದಿ ತನ್ನಲ್ಲೇ ಇಟ್ಟುಕೊಳ್ಳುವುದನ್ನು ‘ಖಾಸಗಿ ಮಾರ್ಪಾಡು’ ಎನ್ನುವುದೂ ತೊಡಕಿನದೇ. ಓದಿದವರೊಬ್ಬರು ಅದನ್ನು ಖಾಸಗಿ ಕಂಪನಿ ಮಾಡಿದ ಮಾರ್ಪಾಡು ಎಂದುಕೊಂಡರು. ‘ಸ್ವಂತ ಬಳಕೆ’ ಎಂದರೆ ಒಬ್ಬ ವ್ಯಕ್ತಿಗೆ ಸೀಮಿತವಾಗುತ್ತದೆ. ಒಂದೇ ಸಂಸ್ಥೆಯೊಳಗೆ ಎಷ್ಟು ಪ್ರತಿಗಳಿದ್ದರೂ ಅದು ವಿತರಣೆಯಲ್ಲ ಎಂಬುದು ಜಿಪಿಎಲ್ ರೂಪಿಸಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ನಿಲುವು. ಸದ್ಯಕ್ಕೆ ‘ಒಳಬಳಕೆ’ ಎಂದು ಬರೆದಿದ್ದೇನೆ. ‘ಆಂತರಿಕ ಬಳಕೆ’ಗಿಂತ ಹಗುರವಾಗಿದೆ ಅನ್ನಿಸಿತು.

‘ಕನ್ವೇ’ಗೆ ನಾನು ‘ಪ್ರತಿ ಕೊಡು’ ಎಂಬಷ್ಟಕ್ಕೇ ಒಲಿದಿದ್ದೇನೆ. ‘ನೀವು ಪ್ರತಿ ಕೊಟ್ಟರೆ ಆಕರ ಸಂಕೇತವನ್ನೂ ಕೊಡಬೇಕು’ ಎಂದರೆ ಯಾರಿಗೂ ಗೊಂದಲವಿಲ್ಲ. ತೊಂದರೆ ನಾಮಪದದ್ದು. ‘ಪ್ರತಿನೀಡಿಕೆ’ ಎಂದು ಸೇರಿಸಿ ಬರೆದೊಡನೆ ಪ್ರತಿಕ್ರಿಯೆ, ಪ್ರತಿದಾಳಿಗಳ ಸಾಲಿಗೆ ಸೇರಿ, ಕೊಟ್ಟದ್ದಕ್ಕೆ ತಿರುಗಿ ಕೊಡುವುದು ಎಂಬ ಅರ್ಥ ಬರುತ್ತದೆ. ಬಿಡಿಸಿ ಬರೆದರೆ ಶೀರ್ಷಿಕೆಯಲ್ಲಿ ಕೂರುವುದಿಲ್ಲ.

‘ನಕಲು’ ಬಳಸೋಣವೆಂದರೆ ಅದಕ್ಕೆ ಕಳ್ಳತನದ ವಾಸನೆ ಅಂಟಿದೆ. ಕಾನೂನಿನ ಅನುವಾದದಲ್ಲಿ ಪಳಗಿದವರು ಇಂಥ ಕಡೆ ಯಾವ ನಾಮಪದ ಬಳಸುತ್ತೀರಿ? ‘ಪ್ರಾಪಗೇಟ್’ಗೆ ‘ಪ್ರಸರಣ’ ಎಂದಿಟ್ಟುಕೊಂಡಿದ್ದೇನೆ, ಆದ್ದರಿಂದ ಅದನ್ನು ಬಿಟ್ಟು ಬೇರೆ ಯಾವುದಾದರೂ ಆಗಬಹುದು.