ಮಳಖೇಡದಲ್ಲಿ ಚಾಲುಕ್ಯರು ಮತ್ತೆ ತಲೆಯೆತ್ತಿದ್ದು ಹೇಗೆ?

ಸೇಡಂ ಓದುಗ: ರಾಷ್ಟ್ರಕೂಟರ ದಂತಿದುರ್ಗನ ಏಳಿಗೆಯಿಂದ ಎಂಟನೆಯ ಶತಮಾನದ ನಡುವೆ ಅಧಿಕಾರ ಕಳೆದುಕೊಂಡ ಚಾಲುಕ್ಯರ ಪ್ರಭುತ್ವವನ್ನು, ಇನ್ನೂರಕ್ಕೂ ಹೆಚ್ಚು ವರ್ಷಗಳ ನಂತರ, ರಾಷ್ಟ್ರಕೂಟರ ಸಾಮಂತನೇ ಆಗಿದ್ದ ಇಮ್ಮಡಿ ತೈಲಪನು 973ರಲ್ಲಿ ಮರಳಿ ಸ್ಥಾಪಿಸಲು ಹೇಗೆ ಸಾಧ್ಯವಾಯಿತು? ತಿಳಿದವರು ದಯವಿಟ್ಟು ವಿವರಿಸಬೇಕು.

ಕಲಬುರಗಿ ಅಧ್ಯಾಪಕ: ಮೂರನೆಯ ಕೃಷ್ಣನ ಕಾಲದಲ್ಲಿ ಪ್ರಬಲವಾಗಿದ್ದ ರಾಷ್ಟ್ರಕೂಟ ರಾಜ್ಯವು ಅವನ ತಮ್ಮ ಖೊಟ್ಟಿಗನ ಕಾಲಕ್ಕೆ ಸಡಿಲಗೊಂಡಿತು. 972ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನೇ, ಅಂದರೆ ನಮ್ಮ ಮಳಖೇಡವನ್ನೇ, ಸೂರೆಗೈದ ಮೇಲೆ, ರಾಜಧಾನಿಯನ್ನು ಕಾಯಲಾರದ ಅರಸುಮನೆತನದ ಮೇಲೆ ಸಾಮಂತರಿಗಿದ್ದ ಭಯಭಕ್ತಿ ಕುಂದಿರಲೇಬೇಕು ಎಂಬುದು ನನ್ನ ಅಭಿಪ್ರಾಯ. ತರ್ದವಾಡಿ ಪ್ರಾಂತ್ಯವನ್ನು ಆಳುತ್ತಿದ್ದ ತೈಲಪನು ಆ ಸಂದರ್ಭವನ್ನು ಕೈಬಿಡದೆ, ಖೊಟ್ಟಿಗನ ನಂತರ ಪಟ್ಟಕ್ಕೆ ಬಂದಿದ್ದ ಇಮ್ಮಡಿ ಕರ್ಕನನ್ನು ಸೋಲಿಸಿದನು.

ಬಸವಕಲ್ಯಾಣ ವಾಸಿ: ಗುರುಗಳೇ, ಎಲ್ಲವನ್ನೂ ಸಂದರ್ಭದ ಲೆಕ್ಕಕ್ಕೆ ಹಾಕಿದರೆ ತೈಲಪನಿಗೆ ಅನ್ಯಾಯವಾಗುತ್ತದೆ. ಗಂಗರ ಮಾರಸಿಂಹನು ರಾಷ್ಟ್ರಕೂಟ ವಂಶದ ನಾಲ್ಕನೆಯ ಇಂದ್ರನನ್ನು ಪಟ್ಟಕ್ಕೇರಿಸಲು ಮಾಡಿದ ಯತ್ನವನ್ನೂ ಮೀರಿ ನಿಂತು, ಮುಂದೆ ಸೀಯಕನ ಉತ್ತರಾಧಿಕಾರಿ ಮುಂಜನನ್ನೇ ಸೆರೆಹಿಡಿದವನು ಅವನು. ಅವನ ರಾಣಿ ಜಾಕಬ್ಬೆಯೂ ರಾಷ್ಟ್ರಕೂಟ ಮನೆತನದವಳು.

ಸೇಡಂ ಓದುಗ: ಹಾಗಾದರೆ ರಾಜಧಾನಿಯು ಕಲ್ಯಾಣಕ್ಕೆ ಬಂದದ್ದು ಅವನ ಕಾಲದಲ್ಲಿಯೇ?

ಕಲಬುರಗಿ ಅಧ್ಯಾಪಕ: ಇಲ್ಲ, ತೈಲಪನ ರಾಜಧಾನಿ ಮಾನ್ಯಖೇಟವೇ. ಕಲ್ಯಾಣವನ್ನು ರಾಜಧಾನಿಯಾಗಿ ಬೆಳೆಸಿದವನು ಹನ್ನೊಂದನೆಯ ಶತಮಾನದ ಒಂದನೆಯ ಸೋಮೇಶ್ವರ.