ಅಪ್‌ಡೇಟ್: ರೆಫರೆನ್ಸ್ ವಿಭಾಗದ ಮೌಲ್ಯಮಾಪನ ಏನಾಯ್ತು ಅಂದ್ರೆ

ನಮ್ಮ ಕಾಲೇಜು ಲೈಬ್ರರಿಯ ರೆಫರೆನ್ಸ್ ವಿಭಾಗ (ಓದುಗರ ಪ್ರಶ್ನೆಗಳಿಗೆ ಉತ್ತರ, ಮಾಹಿತಿ ಹುಡುಕಿಕೊಡೋ ಜಾಗ) ಏನು ಕೆಲಸ ಮಾಡುತ್ತೆ ಅಂತ ಆಡಳಿತದವರಿಗೆ ತೋರಿಸೋದು ಹೇಗೆ, ಕೈಯಲ್ಲಿರೋದು ಪ್ರಶ್ನೆಗೊಂದು ಗೀಟು ಹಾಕೋ ರಿಜಿಸ್ಟರ್ ಮಾತ್ರ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನೀವು ಹೇಳಿದ ರೀಡ್ (READ) ಸ್ಕೇಲ್ ಅನ್ನೋ ಅಳತೆಯನ್ನೇ ಹಿಡಿದೆವು. ಉತ್ತರಕ್ಕೆ ಬಿದ್ದ ಶ್ರಮ ನೋಡಿ ಪ್ರತಿ ಪ್ರಶ್ನೆಗೂ 1ರಿಂದ 6ರವರೆಗೆ ಅಂಕ. 'ಜೆರಾಕ್ಸ್ ಎಲ್ಲಿ ಸಾರ್?' ಅಂದ್ರೆ 1. ಎಂ.ಎ. ಹುಡುಗಿಯೊಬ್ಬಳು ಕಾವೇರಿ ನೀರಿನ 1924ರ ಮೈಸೂರು-ಮದ್ರಾಸ್ ಒಪ್ಪಂದ ಕೇಳ್ಕೊಂಡು ಬಂದಳು. ಮಾತಾಡಿಸ್ತಾ ಹೋದ್ರೆ, ಅವಳಿಗೆ ಬೇಕಿದ್ದದ್ದು 1892ರ ಒಪ್ಪಂದದ ಜೊತೆ ಅದರ ಹೋಲಿಕೆ. ಮಧ್ಯಾಹ್ನವೆಲ್ಲ ಹಿಡೀತು, ಅದಕ್ಕೆ 5 ಹಾಕಿದೆವು. ಹಳೇ ರಿಜಿಸ್ಟರ್‌ನಲ್ಲಿ ಎರಡಕ್ಕೂ ಒಂದೊಂದೇ ಗೀಟು! ಪ್ರಿನ್ಸಿಪಾಲರಿಗೆ ಈ ಎರಡು ಸಾಲು ತೋರಿಸಿದ ಮೇಲೆ ವಾದ ಮಾಡೋದೇ ಉಳೀಲಿಲ್ಲ.

ಗುಟ್ಟಾಗಿ ಯಾರನ್ನೋ ಕಳಿಸಿ ಸಿಬ್ಬಂದಿಯನ್ನ ಪರೀಕ್ಷಿಸಿ ಅಂದಿದ್ರಿ. ಅಮೆರಿಕದಲ್ಲಿ ಲೈಬ್ರರಿ ಸಂಶೋಧಕರಾದ ಹರ್ನನ್, ಮೆಕ್‌ಕ್ಲೂರ್ 1986ರಲ್ಲಿ ಪ್ರಕಟಿಸಿದ 'ಶೇ. 55' ಲೆಕ್ಕ ಬಂದದ್ದೂ ಹಾಗೇ: ಸುಮಾರು ಅರ್ಧದಷ್ಟು ಉತ್ತರ ಮಾತ್ರ ಸರಿ. ಆದ್ರೆ ಇರೋ ಮೂರು ಜನರ ಮೇಲೆ ಗೂಢಚಾರಿಕೆ ನನಗೆ ಹಿಡಿಸಲಿಲ್ಲ. ಮೊದಲೇ ತಿಳಿಸಿ, ಹಳೇ ಪ್ರಶ್ನೆಗಳನ್ನ ಒಟ್ಟಿಗೆ ಕೂತು ಮತ್ತೆ ಬಿಡಿಸಿದೆವು. ಗೆಜೆಟಿಯರ್ (ಜಿಲ್ಲೆ, ಊರುಗಳ ವಿವರ ಇರೋ ಆಕರ ಗ್ರಂಥ) ಬಳಸೋದರಲ್ಲಿ ಎಲ್ಲರೂ ವೀಕು ಅಂತ ಗೊತ್ತಾಯ್ತು.

ಕೊನೆಗೆ ಆಡಳಿತದವರು ಮಧ್ಯಾಹ್ನದ ಪಾಳಿಗೆ ಇನ್ನೊಬ್ಬರನ್ನ ಕೊಟ್ಟಿದ್ದಾರೆ. ಪುಸ್ತಕದ ಬಜೆಟ್ ಮಾತ್ರ 'ಮುಂದಿನ ವರ್ಷ ನೋಡೋಣ'.