ಪದಚರ್ಚೆ: ಬಿಲ್ಲಿನ ‘ಫರ್ಗಿವ್‌ನೆಸ್’ಗೆ ಕನ್ನಡ ಏನು? (ತುರ್ತು)

ಮೈಸೂರಿನ ಒಂದು ಬಿಲ್ಲುಗಾರಿಕೆ ತರಬೇತಿ ಅಂಗಳಕ್ಕೆ ಫಲಕ ಬರೆಸುತ್ತಿದ್ದೇವೆ, ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾರೆ. ಕಾಂಪೌಂಡ್ ಬಿಲ್ಲಿನಲ್ಲಿ (ತುದಿಗಳಲ್ಲಿ ಚಕ್ರವಿರುವ ಬಿಲ್ಲು) ಬ್ರೇಸ್ ಹೈಟ್ ಇಳಿದರೆ ಸ್ಪೀಡ್ ಏರುತ್ತದೆ, ಫರ್ಗಿವ್‌ನೆಸ್ (ಕೈಯ ಸಣ್ಣ ತಪ್ಪನ್ನು ಬಿಲ್ಲು ಸಹಿಸುವ ಗುಣ) ಇಳಿಯುತ್ತದೆ ಎಂಬ ಸಾಲು ಬೇಕು. ಯಾರೋ ‘ಕ್ಷಮಾಗುಣ’ ಎಂದು ಬರೆದುಕೊಟ್ಟಿದ್ದಾರೆ. ಅದು ಬೇಡ.
– ಸರಸ್ವತಿಪುರಂ

ಬ್ರೇಸ್ ಹೈಟಿಗೆ ‘ಎತ್ತರ’ ಹಾಕಬೇಡಿ. ಎಳೆಯದೆ ಇದ್ದಾಗ ಹಿಡಿಯ ಗುಳಿಯಿಂದ ಹೆದೆವರೆಗಿನ ದೂರ ಅದು, ‘ಹೆದೆಯಂತರ’ ಸಾಕು. ಎಳೆತ 30 ಇಂಚು ಅಂದಾಗ ಗುಳಿಯಿಂದ ಮುಂದಿನ 1.75 ಇಂಚೂ ಸೇರಿರುತ್ತದೆ. ಅದನ್ನೂ ಹೆದೆಯಂತರವನ್ನೂ ಕಳೆದರೆ, ಹೆದೆಯಂತರ 7 ಇಂಚಿನ ಬಿಲ್ಲು ಬಾಣವನ್ನು 21.25 ಇಂಚು ನೂಕುತ್ತದೆ, 6 ಇಂಚಿನದು 22.25. ವೇಗ ಸಿಗುವುದು ಆ ಒಂದು ಇಂಚಿನಲ್ಲೇ. ಆದರೆ ಬಾಣವೂ ಇನ್ನೊಂದು ಇಂಚು ಹೆದೆಗೆ ಕಚ್ಚಿಕೊಂಡೇ ಸಾಗುತ್ತದೆ. ಅಷ್ಟರಲ್ಲಿ ಕೈ ಹಿಡಿಯನ್ನು ತಿರುಚಿದರೆ ಎಡಕ್ಕೋ ಬಲಕ್ಕೋ ಹೋಯಿತು. ಫರ್ಗಿವ್‌ನೆಸ್ಸಿಗೆ ನನ್ನ ಮತ ‘ತಾಳಿಕೆ’.
– ಮಂಡ್ಯ

‘ತಾಳಿಕೆ’ ಆಗದು. ಕೊಳ್ಳುವವರು ಬಾಳಿಕೆ ಎಂದು ಓದುತ್ತಾರೆ. ಎಳೆಯುವ ಭಾರದ ಪ್ರತಿ ಪೌಂಡಿಗೆ 5 ಗ್ರೇನ್‌ಗಿಂತ (ಗ್ರೇನ್ ಸಣ್ಣ ತೂಕದ ಅಳತೆ) ಹಗುರದ ಬಾಣ ಹೂಡಿ ಬಿಲ್ಲಿನ ಬಾಗುವ ಪಟ್ಟೆ ಸೀಳಿಸಿಕೊಂಡರೆ ಅಲ್ಲಿ ತಾಳಿಕೆಯ ಮಾತು. ಇಲ್ಲಿ ‘ಮಾಫಿ’ ಹಾಕಿ, ಸಾಲಮಾಫಿ ಗೊತ್ತಿಲ್ಲದವರಿಲ್ಲ.
– ಕುವೆಂಪುನಗರ

ಮಾಫಿ ಅರಬ್ಬಿ, ‘ಹೆದೆಯಂತರ’ ಅರಿಸಮಾಸ (ಕನ್ನಡ-ಸಂಸ್ಕೃತದ ಬೆರಕೆ). ಎರಡೂ ತೆಗೆಯಿರಿ. ‘ಹೆದೆಯೆಡೆ’ ಅನ್ನಿ. ಹೆದೆ ಹಿಂದೆ ಪೆದೆ, ಬಿಲ್ಲಿನ ಕಚ್ಚುಳ್ಳ ತುದಿ ಕೊಪ್ಪು. ಎರಡು ತುದಿಯ ಚಕ್ರಗಳ ನಡುವಿನ ದೂರ, ಅಂದರೆ ಆಕ್ಸಲ್ ಟು ಆಕ್ಸಲ್‌ಗೆ ‘ಕೊಪ್ಪಳತೆ’ ಒಪ್ಪುತ್ತದೆ. ನಮ್ಮ ಕೊಪ್ಪಲುಗಳ ಬೇರೂ ಇದೇ.
– ಪಾಂಡವಪುರ

ಕೊಪ್ಪಲಿಗೂ ಬಿಲ್ಲಿಗೂ ಸಂಬಂಧವಿಲ್ಲ. ಕಾಂಪೌಂಡಿನಲ್ಲಿ ಹೆದೆಯನ್ನು ಕೊಪ್ಪಿಗೆ ಕಟ್ಟುವುದೂ ಇಲ್ಲ, ಅದು ತುದಿಯ ಚಕ್ರಕ್ಕೆ, ಅಂದರೆ ಕ್ಯಾಮಿಗೆ ಸುತ್ತಿರುತ್ತದೆ. ಕ್ಯಾಮ್ ಕೂತಿರುವುದು ಅಚ್ಚಿನ ಮೇಲೆ, ಎತ್ತಿನ ಗಾಡಿಗೆ ಇರುವಂಥದ್ದೇ. ‘ಅಚ್ಚಿನಿಂದ ಅಚ್ಚಿಗೆ’ ಅನ್ನಿ. ಗುರಿಸ್ಪರ್ಧೆಯ ಬಿಲ್ಲುಗಳಲ್ಲಿ ಅದು ಸಾಮಾನ್ಯವಾಗಿ 36ರಿಂದ 40 ಇಂಚು, ಬೇಟೆಯವಕ್ಕೆ 30ರ ಆಸುಪಾಸು. ಉದ್ದದ್ದು ಕೈಯಲ್ಲಿ ಬೇಗ ತಿರುಗುವುದಿಲ್ಲ, ತಪ್ಪು ಕಡಿಮೆ. ಕ್ಯಾಮನ್ನು ದಯವಿಟ್ಟು ‘ರಾಟೆ’ ಮಾಡಬೇಡಿ. ರಾಟೆ ದುಂಡಗಿರುತ್ತದೆ, ಕ್ಯಾಮ್ ದುಂಡಗಿಲ್ಲದ್ದಕ್ಕೇ ಪೂರ್ತಿ ಎಳೆದಾಗ ಭಾರ ಇಳಿಯುವುದು, 60 ಪೌಂಡಿನ ಬಿಲ್ಲು 80 ಶೇಕಡಾ ಬಿಟ್ಟುಕೊಟ್ಟರೆ ಬೆರಳಿಗೆ 12 ಪೌಂಡು. ಇನ್ನು ಕಂಪನಿಯವರ ವೇಗದ ಅಂಕಿ ಫಲಕಕ್ಕೆ ಬೇಡ. ಐಬಿಒ (ಅಮೆರಿಕದ ಬಿಲ್ಲುಗಾರರ ಸಂಸ್ಥೆ) ಅಳತೆ 70 ಪೌಂಡು ಭಾರ, 30 ಇಂಚು ಎಳೆತ, 350 ಗ್ರೇನ್ ಬಾಣದ್ದು. ವಿಶ್ವ ಸ್ಪರ್ಧೆಯ ಮಿತಿಯೇ 60 ಪೌಂಡು; 27 ಇಂಚು ಎಳೆಯುವ ಮಕ್ಕಳಿಗೆ ಆ ವೇಗ ಬರುವುದಿಲ್ಲ.
– ಮಂಡ್ಯ

ಅಚ್ಚು ಒಪ್ಪಿದೆ. ಮಾಫಿ ಒಪ್ಪಲಾರೆ.
– ಪಾಂಡವಪುರ

ಬಾಗಿಲ ಮೇಲಿನ ‘ಕಮಾನು’ ಪಾರಸಿ ಸ್ವಾಮಿ, ಅಲ್ಲಿ ಅದಕ್ಕೆ ಬಿಲ್ಲು ಎಂದೇ ಅರ್ಥ. ಅದನ್ನು ಎಂದೂ ತೆಗೆಯಿರಿ ಅಂದಿಲ್ಲವಲ್ಲ?
– ಕುವೆಂಪುನಗರ

ಹಳೆಯ ಎರವು ಇರಲಿ, ಹೊಸದು ಬೇಡ ಅನ್ನುತ್ತಿದ್ದೇನೆ. ಕನ್ನಡದಲ್ಲಿ ಹುಡುಕದೆ ಕೈಚಾಚುವುದು ಸೋಮಾರಿತನ.
– ಪಾಂಡವಪುರ

ನಾಮಪದ ಬಿಟ್ಟು ಬರೆಸುತ್ತಿದ್ದೇನೆ: ‘ಹೆದೆಯೆಡೆ ಕಿರಿದಾದಷ್ಟೂ ಬಾಣಕ್ಕೆ ವೇಗ ಹೆಚ್ಚು; ಕೈಯ ಸಣ್ಣ ತಪ್ಪೂ ಗುರಿಯಲ್ಲಿ ದೊಡ್ಡದಾಗುತ್ತದೆ.’ ತಿದ್ದುವುದಿದ್ದರೆ ರಾತ್ರಿ ಹತ್ತರೊಳಗೆ ತಿಳಿಸಿ.
– ಸರಸ್ವತಿಪುರಂ